ದೇಶನೋಕದ ಅಂಗಳದಲ್ಲಿ

2001ರ ಮಾರ್ಚ್ ತಿಂಗಳಲ್ಲಿ ಹನ್ನೊಂದು ಜೋಡಿ ಅಮೆರಿಕನ್ನರು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಿಂದ ಭೂಪ್ರದಕ್ಷಿಣೆಗೆ ಹೊರಟರು. ಜಾಂಬಿಯಾ, ಫ್ರಾನ್ಸ್, ಟುನೀಸಿಯಾ, ಇಟಲಿಗಳನ್ನು ದಾಟಿ ಭಾರತಕ್ಕೆ. ಇಲ್ಲಿಂದ ಥಾಯ್ಲೆಂಡ್, ಚೀನಾ, ಅಲಾಸ್ಕಗಳ ಮೂಲಕ ಮರಳಿ ನ್ಯೂಯಾರ್ಕಿಗೆ ಅವರ ಮಾರ್ಗ. ಹಿಂದುಳಿದವರನ್ನು ದಾರಿಯಲ್ಲಿಯೇ ಕೈಬಿಡುತ್ತ, ಮೊದಲು ಗುರಿ ಮುಟ್ಟಿದ ಜೋಡಿಗೆ ಹತ್ತು ಲಕ್ಷ ಡಾಲರು ಕೊಡುವ ಈ ಪಂದ್ಯವನ್ನು ಸಿಬಿಎಸ್ ಸಂಸ್ಥೆಯು ಅದೇ ವರ್ಷದ ಸೆಪ್ಟೆಂಬರ್ 5ರಿಂದ ‘ದಿ ಅಮೇಜಿಂಗ್ ರೇಸ್’ ಎಂಬ ಹೆಸರಿನಲ್ಲಿ ದೂರದರ್ಶನದಲ್ಲಿ ತೋರಿಸಿತು. ಭೂಪಟವನ್ನು ಮಡಿಲಲ್ಲಿಟ್ಟುಕೊಂಡು ಇದನ್ನು ನೋಡಿದ ನಮಗೆ ಹೊತ್ತು ಹೋದುದೇ ತಿಳಿಯಲಿಲ್ಲ. ರಾಬ್ ಮತ್ತು ಬ್ರೆನನ್ ಎಂಬಿಬ್ಬರು ಗೆದ್ದಾಗ ಮೂರನೆಯ ಜೋಡಿಯು ಇನ್ನೂ ಅಲಾಸ್ಕದ ಹಿಮದಲ್ಲಿಯೇ ಇದ್ದಿತು!

ಆದರೆ ಒಂದು ಪ್ರಸಂಗ ಮಾತ್ರ ನಮ್ಮ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ರಾಜಸ್ಥಾನದ ದೇಶನೋಕದಲ್ಲಿರುವ ಕರಣೀಮಾತೆಯ ಗುಡಿಯನ್ನು ಸ್ಪರ್ಧಿಗಳು ಬರಿಗಾಲಿನಲ್ಲಿ ಹೊಗಬೇಕಾಗಿತ್ತು. ಅಲ್ಲಿ ಸಹಸ್ರಾರು ಇಲಿಗಳು. ಅವರಿಗೆ ಅದೊಂದು ಧೈರ್ಯಪರೀಕ್ಷೆ; ನೋಡುವವರಿಗೆ ಮೈ ಜುಮ್ಮೆನಿಸುವ ವಿನೋದ.

ಮುಂದೊಂದು ಡಿಸೆಂಬರದ ರಜೆಯಲ್ಲಿ ಬಿಕಾನೇರಕ್ಕೆ ಹೋಗುವ ಅವಕಾಶ ಒದಗಿದಾಗ ನಾವು ಬಸ್ಸು ಹತ್ತಿ, ಸುಮಾರು 30 ಕಿಲೋಮೀಟರು ದೂರದ ಆ ಊರಿಗೆ ಹೋದೆವು. ಮಹಾರಾಜ ಗಂಗಾಸಿಂಹರ ಕಾಲದ ಅಮೃತಶಿಲೆಯ ಮುಂಭಾಗ, ಬೆಳ್ಳಿಯ ಬಾಗಿಲು. ಹದ್ದು ಗಿಡುಗಗಳು ಎರಗದಂತೆ ಅಂಗಳದ ಮೇಲೆ ಬಲೆ ಹಾಸಿದ್ದಾರೆ. ಅಗಲವಾದ ಬೋಗುಣಿಯ ಅಂಚಿನ ಸುತ್ತಲೂ ಸಾಲಾಗಿ ಕುಳಿತು ಇಲಿಗಳು ಹಾಲು ಕುಡಿಯುತ್ತಿದ್ದುವು. ಒಳಗೆ ನಡೆಯುವವರು ಕಾಲೆತ್ತಿ ಇಡುವುದಿಲ್ಲ, ನೆಲಕ್ಕೆ ತಾಗಿಸಿಯೇ ಸರಿಸುತ್ತಾರೆ. ಅಕಸ್ಮಾತ್ ತುಳಿದು ಒಂದು ಸತ್ತರೆ ಬೆಳ್ಳಿಯ ಇಲಿಯನ್ನು ಮಾಡಿಸಿ ಒಪ್ಪಿಸಬೇಕಂತೆ.

ಇದರ ಹಿಂದಿನ ಕಥೆ ಹೀಗಿದೆ. ಚಾರಣ ಕುಲದ ಕರಣೀಮಾತೆಯ ಮಗ ಲಕ್ಷ್ಮಣನು ಕೋಲಾಯತದ ಕಪಿಲ ಸರೋವರದಲ್ಲಿ ಮುಳುಗಿ ಸತ್ತನು. ಆಕೆ ಯಮನೊಡನೆ ವಾದಿಸಿದಳು. ಅವಳ ಕುಲದವರು ಸತ್ತರೆ ಯಮಲೋಕಕ್ಕೆ ಹೋಗದೆ ಇಲಿಗಳಾಗಿ ಇದೇ ಗುಡಿಯಲ್ಲಿ ಹುಟ್ಟುವರು, ಮತ್ತೆ ಮನುಷ್ಯರಾಗುವರು ಎಂದು ತೀರ್ಮಾನವಾಯಿತು. ಆದುದರಿಂದ ಅಲ್ಲಿಯವರು ಅವುಗಳನ್ನು ‘ಕಾಬಾ’ ಎಂದು ಕರೆಯುತ್ತಾರೆ, ಅವು ಮುಟ್ಟಿದುದನ್ನೇ ಪ್ರಸಾದವೆಂದು ಸ್ವೀಕರಿಸುತ್ತಾರೆ. ಮಧೂರಿನ ಗಣಪತಿಯ ವಾಹನಕ್ಕೆ ಕೈ ಮುಗಿದು, ಮನೆಗೆ ಬಂದು ಅಟ್ಟದಲ್ಲಿ ಇಲಿಬೋನು ಇಡುವ ನಾವು ನಗುವುದಕ್ಕೆ ಯಾರು?

ಕಂಬದ ಬಳಿ ಮುದುಕಿಯೊಬ್ಬಳು ಲಾಡುವನ್ನು ಪುಡಿಮಾಡಿ ಹಾಕುತ್ತ, ನಮಗೆ ತಿಳಿಯದ ಮಾರವಾಡಿಯಲ್ಲಿ ಇಲಿಗಳೊಡನೆ ಮೆಲ್ಲಗೆ ಮಾತನಾಡುತ್ತಿದ್ದಳು. ಮಕ್ಕಳಿಗೆ ಉಣ್ಣಿಸುವಾಗಿನ ಧ್ವನಿ ಅದು. ಆಕೆ ಯಾರನ್ನು ಕಳೆದುಕೊಂಡಿದ್ದಳೋ! ಸ್ಪರ್ಧಿಗಳಿಗೆ ಇದನ್ನು ನೋಡಲು ಬಿಡುವಿರಲಿಲ್ಲ. ಅವರನ್ನು ಅಲ್ಲಿ ಓಡಿಸಿದವರ ಮೇಲೆಯೇ ನಮ್ಮ ಅಸಮಾಧಾನ. ಕೇವಲ ಎರಡು ನಿಮಿಷ ಕ್ಯಾಮರಾವನ್ನು ಆ ಕಂಬದ ಕಡೆಗೆ ತಿರುಗಿಸಬಹುದಿತ್ತು.

ಒಂದು ಇಲಿ ನಮ್ಮ ಪಾದದ ಮೇಲಿನಿಂದಲೇ ಹಾದುಹೋಯಿತು. ಮೈ ಜುಮ್ಮೆಂದುದು ನಿಜ. ಆದರೂ ಹೊರಗೆ ಬಸ್ಸಿನ ಸದ್ದು ಕೇಳಿಸಿದಾಗ ನಾವು ಏಳಲಿಲ್ಲ. ಮುದುಕಿ ಲಾಡು ಮುಗಿಸುವವರೆಗೆ ಕುಳಿತೇ ಇದ್ದೆವು.