ಮೈಕು ಹಿಡಿದ ಮಕ್ಕಳು

ಮಕ್ಕಳ ಸಿನಿಮಾ ಹುಟ್ಟುವುದು ಮಕ್ಕಳಿಗಾಗಿಯೇ ಆದರೂ ಅದರ ಹಣೆಬರಹ ಬರೆಯುವವರೆಲ್ಲ ದೊಡ್ಡವರು. ಕಥೆ ಹೆಣೆಯುವವರು, ದುಡ್ಡು ಹಾಕುವವರು, ಸೆನ್ಸಾರ್ ಮಂಡಳಿಯಲ್ಲಿ ಕೂತು ನೋಡುವವರು, ಪತ್ರಿಕೆಯಲ್ಲಿ ವಿಮರ್ಶೆ ಬರೆಯುವವರು, ಕಡೆಗೆ ಟಿಕೆಟ್ ಕೊಳ್ಳುವವರು, ಈ ಸಾಲಿನಲ್ಲಿ ಎಲ್ಲಿಯೂ ಮಗುವಿಗೆ ಜಾಗವಿಲ್ಲ. 2023ರಲ್ಲಿ ಸಿನಿಮಾಟೊಗ್ರಾಫ್ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ನಮ್ಮಲ್ಲಿ ಯು/ಎ ಪ್ರಮಾಣಪತ್ರ 7+, 13+, 16+ ಎಂದು ಮೂರು ಬಗೆಯಾಗಿದೆ. ಯಾವ ವಯಸ್ಸಿನ ಮಗುವಿಗೆ ಯಾವ ಚಿತ್ರವನ್ನು ಹಿರಿಯರು ಯೋಚಿಸಿ ತೋರಿಸಬೇಕು ಎಂಬುದನ್ನು ಅದು ತಿಳಿಸುತ್ತದೆ. ಆ ಕೆಲಸ ಬೇಕಾದದ್ದೇ. ಆದರೆ ಯಾವುದನ್ನು ನೋಡಬಾರದು ಎಂದು ಹೇಳುವುದು ಬೇರೆ, ನೋಡಿದ್ದು ಹೇಗಿತ್ತು ಎಂದು ಹೇಳುವುದು ಬೇರೆ. ಎರಡನೆಯದನ್ನು ಹೇಳುವ ಅಧಿಕಾರ, ನೋಡಿದ ಮಗುವಿಗೆ ಉಳಿದೆಲ್ಲರಿಗಿಂತ ಹೆಚ್ಚಾಗಿ ಇದೆ. ಜಗತ್ತಿನ ಕೆಲವು ಚಿತ್ರೋತ್ಸವಗಳು ಈ ಅಧಿಕಾರವನ್ನು ಮಕ್ಕಳಿಗೆ ಒಪ್ಪಿಸಿವೆ. ಅಲ್ಲಿ ಅವರು ಚಿತ್ರ ನೋಡಿ ವಿಮರ್ಶೆ ಬರೆಯುತ್ತಾರೆ, ಬಹುಮಾನ ನಿರ್ಧರಿಸುತ್ತಾರೆ. ಕೆಲವು ಕಡೆ ಮೈಕು ಹಿಡಿದು ಬಾಗಿಲ ಬಳಿ ನಿಂತು, ಹೊರಬರುವ ಪ್ರೇಕ್ಷಕರನ್ನು ಮಾತಿಗೆಳೆಯುತ್ತಾರೆ. ಇದನ್ನು ಮುದ್ದಾದ ನೋಟವೆಂದು ಚಪ್ಪಾಳೆ ತಟ್ಟಿ ಬಿಟ್ಟುಬಿಡುವುದು ಸುಲಭ. ನನ್ನ ವಾದ ಬೇರೆ: ಮನೆಮಂದಿಯೆಲ್ಲ ಕೂತು ನೋಡುವ ಚಿತ್ರದ ವಿಮರ್ಶೆ ಹೀಗೆ ಮಕ್ಕಳು ಬರೆದು, ಮಕ್ಕಳು ಕೇಳಿದಾಗಲೇ ಪೂರ್ತಿಯಾಗುತ್ತದೆ.

ಬರೆಯುವುದು ಮತ್ತು ಕೇಳುವುದು, ಈ ಎರಡೂ ಜೊತೆಗೇ ಏಕೆ ಇರಬೇಕು? ಕಾರಣ ಚಿತ್ರದ ಜಾತಿಯಲ್ಲೇ ಇದೆ. ಕೌಟುಂಬಿಕ ಚಿತ್ರವೆಂದರೆ ಒಂದೇ ಸಾಲಿನಲ್ಲಿ ಎಂಟರ ಹುಡುಗಿ, ಅವಳ ಹದಿನೈದರ ಅಣ್ಣ, ನಲವತ್ತರ ಅಪ್ಪ, ಎಪ್ಪತ್ತರ ಅಜ್ಜಿ ಕೂತು ನೋಡುವ ಚಿತ್ರ. ಒಂದೇ ದೃಶ್ಯ ಹುಡುಗಿಗೆ ನಗು ತರಿಸಬಹುದು, ಅಜ್ಜಿಗೆ ಕಣ್ಣೀರು ತರಿಸಬಹುದು. ಹಾಗೆ ಬೇರೆಬೇರೆ ವಯಸ್ಸಿಗೆ ಬೇರೆಬೇರೆಯಾಗಿ ಒದಗಿ ಬರುವುದೇ ಅಂಥ ಚಿತ್ರದ ಗುಣ. ಒದಗದಿದ್ದರೆ ಅದೇ ಅದರ ದೋಷ. ಹಾಗಿರುವಾಗ ಯಾವುದೋ ಒಂದು ವಯಸ್ಸಿನವರು ಒಬ್ಬರೇ ಕೂತು ಬರೆದ ವಿಮರ್ಶೆ, ಬರೆದವರು ಎಷ್ಟೇ ಬಲ್ಲವರಾಗಿರಲಿ, ಅರ್ಧವೇ ಆಗುತ್ತದೆ. ದೊಡ್ಡ ವಿಮರ್ಶಕರು ‘ಮಕ್ಕಳಿಗೆ ಇಷ್ಟವಾಗುತ್ತದೆ’ ಎಂದು ಊಹಿಸಿ ಒಂದು ಸಾಲು ಸೇರಿಸುತ್ತಾರೆ. ಹುಡುಗಿಯೂ ತನ್ನ ಪಾಲನ್ನಷ್ಟೇ ಬಲ್ಲಳು. ಆದರೆ ಅವಳು ಮೈಕು ಹಿಡಿದು, “ಅಜ್ಜಿ, ನೀವು ಯಾವಾಗ ಅತ್ತಿರಿ? ಅಲ್ಲಿ ನನಗೆ ಅಳು ಬರಲಿಲ್ಲವಲ್ಲ, ಯಾಕೆ?” ಎಂದು ಕೇಳಿದ ಕೂಡಲೇ ಅವಳಿಗೆ ಕಾಣದೆ ಉಳಿದ ಅರ್ಧ ಕಾಣತೊಡಗುತ್ತದೆ. ‘ನನಗೆ ಹಿಡಿಸಿತು’ ಎಂಬ ಮಾತು ‘ಇದು ಯಾರಿಗೆ, ಏಕೆ ಹಿಡಿಸಿತು’ ಎಂಬ ವಿಚಾರಕ್ಕೆ ದಾಟುವುದು ಅಲ್ಲಿಯೇ. ರುಚಿ ವಿಮರ್ಶೆಯಾಗುವ ಆ ಹೆಜ್ಜೆಯನ್ನು ದೊಡ್ಡವರಲ್ಲಿಯೂ ಎಲ್ಲರೂ ಇಡುವುದಿಲ್ಲ.

ಇದು ಬರೀ ಆಸೆಯ ಮಾತಲ್ಲ ಎನ್ನಲು ಅರ್ಧ ಶತಮಾನದ ಅನುಭವ ನಮ್ಮ ಮುಂದಿದೆ. ಇಟಲಿಯ ದಕ್ಷಿಣದಲ್ಲಿ, ಸಾಲೆರ್ನೊ ಪಟ್ಟಣಕ್ಕೆ ಹತ್ತಿರ, ಹೇಝಲ್‌ನಟ್ ತೋಟಗಳಿಗೆ ಹೆಸರಾದ ಜಿಫೋನಿ ವಾಲೆ ಪಿಯಾನಾ ಎಂಬ ಸಣ್ಣ ಊರಿದೆ. 1971ರಲ್ಲಿ ಕ್ಲಾಡಿಯೊ ಗುಬಿತೋಸಿ ಎಂಬ ಅದೇ ಊರಿನ ತರುಣ ಅಲ್ಲಿ ಮಕ್ಕಳ ಚಿತ್ರೋತ್ಸವ ಆರಂಭಿಸಿದ. ಆ ಉತ್ಸವದಲ್ಲಿ ತೀರ್ಪುಗಾರರು ಮಕ್ಕಳೇ. ಮೂರು ವರ್ಷದ ಕಂದಮ್ಮಗಳಿಂದ ಹಿಡಿದು ಹದಿನೆಂಟು ದಾಟಿದ ತರುಣರವರೆಗೆ ವಯಸ್ಸಿಗೆ ತಕ್ಕಂತೆ ಗುಂಪುಗಳನ್ನು ಮಾಡುತ್ತಾರೆ. ಈಗ ಪ್ರತಿವರ್ಷ ಸಾವಿರಾರು ಮಕ್ಕಳು ಹಲವು ದೇಶಗಳಿಂದ ಬರುತ್ತಾರೆ. ಬಂದವರಲ್ಲಿ ಅನೇಕರು ಉಳಿದುಕೊಳ್ಳುವುದು ಹೋಟೆಲಿನಲ್ಲಲ್ಲ, ಊರಿನವರ ಮನೆಗಳಲ್ಲಿ. ಚಿತ್ರ ಮುಗಿದ ಮೇಲೆ ನಿರ್ದೇಶಕರು ಈ ಮಕ್ಕಳೆದುರು ನಿಂತು ಉತ್ತರ ಕೊಡಬೇಕು. ಬಾಲ್ಯವನ್ನು ತೆರೆಯ ಮೇಲೆ ಅಷ್ಟು ಆಪ್ತವಾಗಿ ತಂದ ಫ್ರಾನ್ಸ್ವಾ ತ್ರೂಫೊ 1982ರಲ್ಲಿ ಅಲ್ಲಿಗೆ ಹೋಗಿ, ಇರುವ ಚಿತ್ರೋತ್ಸವಗಳಲ್ಲೆಲ್ಲ ಇದೇ ಹೆಚ್ಚು ಅಗತ್ಯವಾದದ್ದು ಎಂಬರ್ಥದಲ್ಲಿ ಮೆಚ್ಚಿ ಬರೆದರು. ಮಗುವಿನ ಪ್ರಶ್ನೆಗೆ ನಿರ್ದೇಶಕ ಬಾಗಿ ಉತ್ತರಿಸುವ ಪದ್ಧತಿ ಐವತ್ತು ವರ್ಷ ನಿಂತಿದೆ, ಬೆಳೆದಿದೆ. ಮಕ್ಕಳ ಮಾತಿನಲ್ಲಿ ತೂಕವಿಲ್ಲದಿದ್ದರೆ ಅಷ್ಟು ಕಾಲ ಯಾವ ನಿರ್ದೇಶಕ ಬಂದು ಕೇಳಿಸಿಕೊಳ್ಳುತ್ತಿದ್ದ?

ಮಕ್ಕಳಿಗೇನು ಗೊತ್ತು, ಬಣ್ಣ, ಹಾಡು, ಕುಣಿತ ಇದ್ದರೆ ಸಾಕು, ಸುಖಾಂತವಿದ್ದರೆ ಇನ್ನೂ ಖುಷಿ ಎನ್ನುವವರು ಬರ್ಲಿನ್ ಚಿತ್ರೋತ್ಸವದ ಫಲಿತಾಂಶಗಳನ್ನು ನೋಡಬೇಕು. ಅಲ್ಲಿ 1978ರಿಂದ ಮಕ್ಕಳ ಚಿತ್ರಗಳಿಗೆಂದೇ ಒಂದು ವಿಭಾಗವಿದೆ. ಈಗ ಅದರ ಹೆಸರು ಜನರೇಷನ್. ಚಿಕ್ಕವರ ಭಾಗದಲ್ಲಿ ಕ್ರಿಸ್ಟಲ್ ಬೇರ್ ಪ್ರಶಸ್ತಿ ಯಾರಿಗೆಂದು ಹೇಳುವವರು ಹನ್ನೊಂದರಿಂದ ಹದಿನಾಲ್ಕು ವಯಸ್ಸಿನ ಮಕ್ಕಳು. ಹೊರದೇಶದ ಚಿತ್ರ ತನ್ನ ಭಾಷೆಯಲ್ಲೇ ಓಡುತ್ತದೆ. ಸಭಾಂಗಣದಲ್ಲಿ ಒಬ್ಬರು ಕೂತು ಸಂಭಾಷಣೆಯನ್ನು ಜರ್ಮನ್‌ನಲ್ಲಿ ಓದಿ ಹೇಳುತ್ತಾರೆ. 2014ರಲ್ಲಿ ಆ ಮಕ್ಕಳು ಆರಿಸಿದ್ದು ಅವಿನಾಶ್ ಅರುಣ್ ಅವರ ಮರಾಠಿ ಚಿತ್ರ ‘ಕಿಲ್ಲಾ’ವನ್ನು. ತಂದೆ ತೀರಿಕೊಂಡ ಮೇಲೆ ತಾಯಿಯ ವರ್ಗಾವಣೆಯಿಂದ ಕೊಂಕಣದ ಊರಿಗೆ ಬಂದ ಹುಡುಗನೊಬ್ಬನ, ಸಾವಧಾನವಾಗಿ ಸಾಗುವ ಕಥೆ ಅದು. 2016ರಲ್ಲಿ ಆರಿಸಿದ್ದು ಜಯರಾಜ್ ಅವರ ಮಲಯಾಳಂ ಚಿತ್ರ ‘ಒಟ್ಟಾಲ್’. ಕುಟ್ಟನಾಡಿನ ಹಿನ್ನೀರಿನಲ್ಲಿ ಬಾತುಕೋಳಿ ಮೇಯಿಸುವ ತಾತನ ಜೊತೆ ಬೆಳೆದ ಹುಡುಗ ಕೂಲಿಯ ನರಕಕ್ಕೆ ಬೀಳುವುದು ಅದರ ಕೊನೆ. 2015ರ ಫಲಿತಾಂಶ ಇನ್ನೂ ಹೆಚ್ಚು ಹೇಳುತ್ತದೆ. ಆ ವರ್ಷ ಪುಟ್ಟ ತಮ್ಮನ ಕೈಹಿಡಿದ ಅಕ್ಕನ ಪಯಣವನ್ನು ಹೇಳುವ ನಾಗೇಶ್ ಕುಕುನೂರ್ ಅವರ ‘ಧನಕ್’ಗೆ ದೊಡ್ಡವರ ಅಂತರರಾಷ್ಟ್ರೀಯ ಸಮಿತಿ ತನ್ನ ಪ್ರಶಸ್ತಿ ಕೊಟ್ಟಿತು. ಮಕ್ಕಳು ಅದನ್ನು ವಿಶೇಷವಾಗಿ ಮೆಚ್ಚಿದರು, ಆದರೆ ಕ್ರಿಸ್ಟಲ್ ಬೇರ್ ಕೊಟ್ಟದ್ದು ಸ್ವೀಡನ್ನಿನ ‘ಮೈ ಸ್ಕಿನ್ನಿ ಸಿಸ್ಟರ್’ಗೆ. ಅಕ್ಕ ಊಟ ಬಿಟ್ಟು ಸೊರಗುವ ಕಾಯಿಲೆಯನ್ನು ಗುಟ್ಟಾಗಿಟ್ಟಾಗ ತಂಗಿ ಪಡುವ ಸಂಕಟ ಅದರ ವಸ್ತು. ದೊಡ್ಡವರು ಬೆಳಕನ್ನು ಆರಿಸಿಕೊಂಡಾಗ ಮಕ್ಕಳು ತಮ್ಮ ಓರಗೆಯವರ ನೋವನ್ನು ಆರಿಸಿಕೊಂಡರು.

ಮಕ್ಕಳ ಮನಸ್ಸನ್ನು ತಿಳಿಯಲು ಅವರನ್ನೇ ಕೇಳಬೇಕಾಗಿಲ್ಲ, ಮುಖ ನೋಡಿದರೆ ಸಾಕು ಎಂಬ ನಂಬಿಕೆಯೂ ಇತ್ತು. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಮಕ್ಕಳ ಚಿತ್ರಗಳಿಗಾಗಿ ಬಹಳ ದುಡಿದ ಮೇರಿ ಫೀಲ್ಡ್, ಕತ್ತಲ ಚಿತ್ರಮಂದಿರದಲ್ಲಿ ಮಕ್ಕಳಿಗೆ ಗೊತ್ತಾಗದಂತೆ ಇನ್‌ಫ್ರಾರೆಡ್ ಛಾಯಾಗ್ರಹಣದಿಂದ ಅವರ ಮುಖಭಾವಗಳನ್ನು ಸೆರೆಹಿಡಿಸಿ ಅಧ್ಯಯನ ಮಾಡಿದರು. ಅದು ಪ್ರಾಮಾಣಿಕವಾದ ಶ್ರಮ. ಮಕ್ಕಳ ಪ್ರತಿಕ್ರಿಯೆ ಗಮನಿಸಬೇಕಾದ ವಿಷಯ ಎಂದು ಅವರು ಒಪ್ಪಿಕೊಂಡರಲ್ಲ, ಅಷ್ಟೇ ದೊಡ್ಡದು. ಆದರೆ ಮಗು ಯಾವಾಗ ಹೆದರಿತು ಎಂದು ಛಾಯಾಚಿತ್ರ ಹೇಳೀತು, ಏಕೆ ಹೆದರಿತು ಎಂದು ಹೇಳಲಾರದು. ಬೆರಳು ಕಚ್ಚಿಕೊಂಡ ಮಗು ಹುಲಿಗೆ ಹೆದರಿತೋ, ಹುಲಿಯ ಪಾಡಿಗೆ ಮರುಗಿತೋ? ಅದು ಗೊತ್ತಾಗಬೇಕಾದರೆ ಕೇಳಲೇಬೇಕು. ಅದನ್ನು ಇನ್ನೊಂದು ಮಗು ಕೇಳಿದರೆ ಬರುವ ಉತ್ತರವೇ ಬೇರೆ. ಮೇಷ್ಟರು ಕೇಳಿದಾಗ ಮಗು ಪರೀಕ್ಷೆಯ ಉತ್ತರ ಹುಡುಕುತ್ತದೆ, ಚಿತ್ರದ ನೀತಿ ಏನೆಂದು ಒಪ್ಪಿಸುತ್ತದೆ. ಓರಗೆಯ ಹುಡುಗಿ ಕೇಳಿದರೆ ‘ನಡುವೆ ಬೇಜಾರಾಯಿತು’ ಎನ್ನಲು ಅಂಜಿಕೆಯಿಲ್ಲ. ದೊಡ್ಡವರೂ ಮಗುವಿನ ಮುಂದೆ ಪಾಂಡಿತ್ಯ ತೋರಿಸಲಾರರು. ತಮಗೆ ತಟ್ಟಿದ್ದನ್ನು ಸರಳವಾಗಿ ಹೇಳಲೇಬೇಕಾಗುತ್ತದೆ. ಕೇಳುವ ಕಲೆಯೂ ಇಲ್ಲೇ ಕಲಿಯುವಂಥದ್ದು. ‘ಚಿತ್ರ ಚೆನ್ನಾಗಿತ್ತಾ?’ ಎಂದರೆ ‘ಚೆನ್ನಾಗಿತ್ತು’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ‘ಯಾವ ಪಾತ್ರ ಮಾಡಿದ್ದು ತಪ್ಪು ಅನ್ನಿಸಿತು? ಪಕ್ಕದಲ್ಲಿ ಕೂತ ನಿಮ್ಮ ಮಗ ಏನು ಕೇಳಿದ?’ ಎಂದರೆ ಚಿತ್ರ ಮತ್ತೆ ತೆರೆದುಕೊಳ್ಳುತ್ತದೆ. ಒಳ್ಳೆಯ ಪ್ರಶ್ನೆ ಕಟ್ಟಲು ಚಿತ್ರವನ್ನು ಗಮನವಿಟ್ಟು ನೋಡಿರಬೇಕು.

ಇದಕ್ಕೆ ಎದುರಾಗುವ ಆಕ್ಷೇಪಗಳು ಹಗುರವಲ್ಲ. ಮೊದಲನೆಯದು, ಮಕ್ಕಳಿಗೆ ಸಿನಿಮಾದ ಇತಿಹಾಸ, ತಂತ್ರ, ವ್ಯಾಕರಣ ತಿಳಿಯದು ಎಂಬುದು. ನಿಜ. ಛಾಯಾಗ್ರಹಣದ ಒಂದು ಹೊಸ ಪ್ರಯೋಗವನ್ನು ಹಿಂದಿನದಕ್ಕೆ ಹೋಲಿಸಿ ತೂಗುವುದು ಹತ್ತರ ಹುಡುಗನ ಕೆಲಸವಲ್ಲ. ಆದುದರಿಂದಲೇ ಬರ್ಲಿನ್‌ನಲ್ಲಿ ಎರಡು ಸಮಿತಿಗಳು ಒಂದರ ಪಕ್ಕ ಒಂದಿವೆ. ಯಾವುದೂ ಇನ್ನೊಂದನ್ನು ಅಳಿಸುವುದಿಲ್ಲ. ಆದರೆ ಮಗುವಾಗಿರುವುದು ಈಗ, ಈ ಹೊತ್ತು ಹೇಗಿದೆ ಎಂಬ ವಿಷಯದಲ್ಲಿ ಮಗುವಿಗಿಂತ ಬಲ್ಲವರಿಲ್ಲ. ತೆರೆಯ ಮೇಲಿನ ಹುಡುಗ ತನ್ನ ವಯಸ್ಸಿನವರಂತೆ ಮಾತಾಡುತ್ತಿದ್ದಾನೋ, ಬರೆದವರ ಮಾತನ್ನು ಬಾಯಿಪಾಠ ಒಪ್ಪಿಸುತ್ತಿದ್ದಾನೋ ಎಂಬುದನ್ನು ಮಕ್ಕಳು ಕೂಡಲೇ ಪತ್ತೆಹಚ್ಚುತ್ತಾರೆ. ಎರಡನೆಯ ಆಕ್ಷೇಪ, ಅವರು ಅಪ್ಪ ಅಮ್ಮ ಹೇಳಿದ್ದನ್ನೇ ಗಿಳಿಪಾಠ ಮಾಡುತ್ತಾರೆ ಎಂಬುದು. ಒಂಟಿಯಾಗಿ ವಿಮರ್ಶೆ ಬರೆಯಲು ಹಚ್ಚಿದರೆ ಆ ಭಯ ಇದ್ದೇ ಇದೆ. ಮದ್ದು ಕ್ರಮದಲ್ಲಿದೆ: ಚಿತ್ರ ಮುಗಿದೊಡನೆ, ಯಾರ ಜೊತೆಗೂ ಮಾತಾಡುವ ಮೊದಲು ನಾಲ್ಕು ಸಾಲು ಬರೆಯಲಿ, ಆಮೇಲೆ ಗೆಳೆಯರ ಗುಂಪಿನಲ್ಲಿ ವಾದಿಸಲಿ, ಆಮೇಲೆ ಪರಿಚಯವಿಲ್ಲದ ಹತ್ತು ಪ್ರೇಕ್ಷಕರನ್ನು ಕೇಳಲಿ. ಹತ್ತು ಜನ ಹತ್ತು ಬಗೆ ಹೇಳಿದಾಗ ಮನೆಯಿಂದ ತಂದ ಅಭಿಪ್ರಾಯ ತಾನಾಗಿ ಅಲುಗಾಡುತ್ತದೆ. ಅಲುಗಾಡಿಯೂ ಉಳಿದರೆ ಅದು ಅವರ ಸ್ವಂತದ್ದೇ.

ಮೂರನೆಯ ಆಕ್ಷೇಪ ಪ್ರೀತಿಯಿಂದ ಬಂದದ್ದು: ಖುಷಿಯಾಗಿ ನೋಡುವ ಮಗುವಿನ ಕೈಗೆ ನೋಟ್‌ಬುಕ್ ಕೊಟ್ಟು ಸಿನಿಮಾವನ್ನೂ ಪಾಠ ಮಾಡುತ್ತೀರಲ್ಲ ಎಂಬುದು. ಆದರೆ ತಾಳ ತಿಳಿದವರಿಗೆ ಕಛೇರಿ ಹೆಚ್ಚು ರುಚಿಸುತ್ತದೆಯೇ ಹೊರತು ಕಡಿಮೆಯಲ್ಲ. ಅಂಕ ಕೊಡದೆ, ಮಾದರಿ ಉತ್ತರ ಇಡದೆ ಇದ್ದರೆ ವಿಚಾರವೂ ಒಂದು ಖುಷಿಯೇ. ಚಿತ್ರ ನೋಡಿ ಮನೆಗೆ ಹೋಗುವ ದಾರಿಯುದ್ದಕ್ಕೂ ಮಕ್ಕಳು ಅದನ್ನೇ ಮಾತಾಡುತ್ತಿರುತ್ತಾರೆ, ಯಾರೂ ಹೇಳಿಕೊಡದೆಯೇ. ನಾಲ್ಕನೆಯದು ನಿಜಕ್ಕೂ ಎಚ್ಚರ ಬೇಕಾದ ಆಕ್ಷೇಪ. ಮಕ್ಕಳ ಮುಗ್ಧ ಮುಖವನ್ನು ಪ್ರಚಾರಕ್ಕೆ ಬಳಸಿಕೊಳ್ಳುವ ಆಸೆ ಚಿತ್ರೋದ್ಯಮಕ್ಕೆ ಬಂದೇ ಬರುತ್ತದೆ. ತಾರೆಯರ ಪಕ್ಕ ನಿಲ್ಲಿಸಿ, ಹೊಗಳಿಕೆಯ ಎರಡು ಸಾಲು ಕಲಿಸಿ, ಅದನ್ನೇ ವಿಮರ್ಶೆಯೆಂದು ಹಂಚಿದರೆ ಅದು ಮಗುವಿಗೂ ಸಿನಿಮಾ ಕಲೆಗೂ ಅನ್ಯಾಯ. ಆದ್ದರಿಂದ ಕೆಲವು ಕಟ್ಟುಪಾಡುಗಳನ್ನು ಸಡಿಲಿಸಲೇಬಾರದು. ಮಕ್ಕಳನ್ನು ಕರೆಯುವವರು ಉತ್ಸವದವರಾಗಿರಬೇಕು, ನಿರ್ಮಾಪಕರಲ್ಲ. ‘ಹಿಡಿಸಲಿಲ್ಲ’ ಎಂಬ ಬರಹವನ್ನೂ ಒಂದಕ್ಷರ ತಿದ್ದದೆ ಪ್ರಕಟಿಸಬೇಕು. ಪೋಷಕರ ಒಪ್ಪಿಗೆಯಿಲ್ಲದೆ ಮುಖ, ಹೆಸರು ಹೊರಬರಬಾರದು. ತಾರೆಯರ ಸಂದರ್ಶನಕ್ಕಿಂತ ಪ್ರೇಕ್ಷಕರ ಸಂದರ್ಶನಕ್ಕೆ ಹೆಚ್ಚು ಹೊತ್ತು ಸಿಗಬೇಕು. ತಾರೆಯ ಮುಂದೆ ಮಗು ಅಭಿಮಾನಿ. ಪ್ರೇಕ್ಷಕನ ಮುಂದೆ ಅದು ವರದಿಗಾರ.

ಇದೆಲ್ಲ ಯುರೋಪಿಗೆ ಸರಿ, ನಮ್ಮಲ್ಲಿ ನಡೆದರೂ ದೊಡ್ಡ ಶಹರಗಳ ಇಂಗ್ಲಿಷ್ ಶಾಲೆಯ ಮಕ್ಕಳಿಗಷ್ಟೇ ಎನ್ನುವವರೂ ಇದ್ದಾರೆ. ಕರ್ನಾಟಕದ ಅನುಭವ ಬೇರೆಯದನ್ನು ಹೇಳುತ್ತದೆ. 1970ರ ದಶಕದಲ್ಲಿ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಮಲೆನಾಡಿನ ಹಳ್ಳಿಗರಿಗೆ ತೋರಿಸಿ ಚರ್ಚೆಗೆ ಕೂರಿಸಿತು. ಹಳ್ಳಿಯವರಿಗೆ ಅರ್ಥವಾಗದು ಎಂಬ ಮಾತು ಅಲ್ಲಿ ನಿಲ್ಲಲಿಲ್ಲ. ಮಕ್ಕಳಿಗೆ ಅರ್ಥವಾಗದು ಎಂಬ ಮಾತೂ ಅದೇ ಕುಲದ್ದು. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಶಾಲೆಗೆ ಶೌಚಾಲಯವಿಲ್ಲ, ಬಸ್ಸು ಬರುವುದಿಲ್ಲ ಎಂದು ಮಕ್ಕಳು ಎದ್ದು ನಿಂತು ಹೇಳುತ್ತಾರೆ. ಹಳ್ಳಿಯ ಮಕ್ಕಳ ಇಂಥದೇ ಒಂದು ಸಮಿತಿಯನ್ನು ಹಿರಿಯರು ಕಡೆಗಣಿಸುವ ಕಥೆಯನ್ನು ಪಿ.ಎನ್. ರಾಮಚಂದ್ರ ‘ಪುಟಾಣಿ ಪಾರ್ಟಿ’ ಎಂಬ ಕನ್ನಡ ಚಿತ್ರವಾಗಿ ತಂದರು. ಅದಕ್ಕೆ 2009ರ ಸಾಲಿನ ಅತ್ಯುತ್ತಮ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿಯೂ ಸಂದಿತು. ಮಾಸ್ಟರ್ ಕಿಶನ್ ಹತ್ತು ವರ್ಷದ ಆಸುಪಾಸಿನಲ್ಲೇ ‘ಕೇರಾಫ್ ಫುಟ್‌ಪಾತ್’ ನಿರ್ದೇಶಿಸಿ ಅದೇ ಪ್ರಶಸ್ತಿ ಪಡೆದ. ಪಂಚಾಯಿತಿ ಅಧಿಕಾರಿಯನ್ನು ಪ್ರಶ್ನಿಸುವ, ಇಡೀ ಚಿತ್ರವನ್ನೇ ನಿರ್ದೇಶಿಸುವ ಮಕ್ಕಳಿರುವ ನಾಡಿನಲ್ಲಿ, ಚಿತ್ರ ಹೇಗಿತ್ತು ಎಂದು ಹೇಳಬಲ್ಲ ಮಕ್ಕಳಿಗೆ ಬರವಿಲ್ಲ. ಬೇಕಾದದ್ದು ಒಂದು ಪ್ರೊಜೆಕ್ಟರ್, ಒಂದು ಶಾಲೆಯ ಹಜಾರ, ಕನ್ನಡದಲ್ಲಿ ಮಾತಾಡಲು ಬಿಡುವ ಮನಸ್ಸು.

ಕೇಂದ್ರ ಸರ್ಕಾರ 1955ರಲ್ಲಿ ಕಟ್ಟಿದ ಬಾಲಚಿತ್ರ ಸಮಿತಿ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಮಕ್ಕಳ ಚಿತ್ರಗಳಿಗೆಂದೇ ಇದ್ದ ಪ್ರತ್ಯೇಕ ಸಂಸ್ಥೆ ಇಲ್ಲವಾಗಿರುವ ಈ ಹೊತ್ತಿನಲ್ಲಿ ಅವರ ಪರವಾಗಿ ಮಾತಾಡುವ ಬಾಯಿ ಇನ್ನಷ್ಟು ಬೇಕು; ಆ ಬಾಯಿ ಅವರದೇ ಆಗಿದ್ದರೆ ಒಳ್ಳೆಯದು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿದೆ. ತಮಗೆ ಸಂಬಂಧಿಸಿದ ವಿಷಯದಲ್ಲಿ ಅಭಿಪ್ರಾಯ ಹೇಳುವುದು, ಅದಕ್ಕೆ ವಯಸ್ಸಿಗೆ ತಕ್ಕ ಮನ್ನಣೆ ಸಿಗುವುದು ಮಕ್ಕಳ ಹಕ್ಕು ಎಂದು ಅದರ 12ನೇ ವಿಧಿ ಹೇಳುತ್ತದೆ. ಅವರಿಗೆಂದೇ ತೆಗೆದ ಚಿತ್ರಕ್ಕಿಂತ ಅವರಿಗೆ ಸಂಬಂಧಿಸಿದ ವಿಷಯ ಇನ್ಯಾವುದಿದೆ? ಹಾಗಾಗಿ ನಮ್ಮ ಪ್ರತಿ ಚಿತ್ರೋತ್ಸವದಲ್ಲೂ ಮಕ್ಕಳ ತೀರ್ಪುಗಾರರ ಸಮಿತಿ ಇರಲಿ, ಮಕ್ಕಳೇ ಪ್ರೇಕ್ಷಕರನ್ನು ಮಾತಾಡಿಸಿ ಸಿದ್ಧಪಡಿಸುವ ದಿನದ ವರದಿಯಿರಲಿ, ಪತ್ರಿಕೆಗಳು ಅದಕ್ಕೆ ಪುರವಣಿಯ ಮೂಲೆಯಲ್ಲಲ್ಲ, ಸಿನಿಮಾ ಪುಟದಲ್ಲೇ ಜಾಗ ಕೊಡಲಿ. ಮಕ್ಕಳನ್ನು ಕೇಳದೆ ತೆಗೆದ ಚಿತ್ರ ನಮ್ಮ ನೆನಪಿನ ಬಾಲ್ಯವನ್ನು ಮಾತ್ರ ಅವರಿಗೆ ತೋರಿಸುತ್ತದೆ. ಕೇಳಿ ತೆಗೆದರೆ ಅವರು ಬದುಕುತ್ತಿರುವ ಬಾಲ್ಯ ತೆರೆಗೆ ಬರುತ್ತದೆ, ಅದನ್ನು ನೋಡಲು ನಾವೂ ಅವರ ಪಕ್ಕದಲ್ಲಿ ಕೂರಬಹುದು.