ಇಂದ್ರವಾಹನ

ಸಂಸ್ಕೃತ ವ್ಯಾಕರಣವನ್ನು ಗುರುಮುಖದಿಂದ ಓದಿದವರಿಗೆ ‘ವಾಹನ’ ಎಂಬ ಶಬ್ದವನ್ನು ಕುರಿತ ಒಂದು ಸಣ್ಣ ವಿಧಿಯು ನೆನಪಿರಬಹುದು. ಕಬ್ಬನ್ನು ಹೇರಿದ ಬಂಡಿಗೆ ‘ಇಕ್ಷುವಾಹಣ’ವೆಂದು ಹೆಸರು, ಅಲ್ಲಿ ಮೂರ್ಧನ್ಯವಾದ ಣಕಾರವು ಬರುತ್ತದೆ. ಇಂದ್ರನು ಒಡೆಯನಾಗಿರುವ ವಾಹನವಾದರೋ ‘ಇಂದ್ರವಾಹನ’. ಅಲ್ಲಿ ದಂತ್ಯವಾದ ನಕಾರವೇ ಉಳಿಯುತ್ತದೆ. ಮೇಲೆ ಹೇರಿದ ಪದಾರ್ಥದ ಹೆಸರು ಪೂರ್ವಪದವಾದರೆ ಒಂದು ಅಕ್ಷರ, ಒಡೆಯನ ಹೆಸರು ಪೂರ್ವಪದವಾದರೆ ಬೇರೊಂದು ಅಕ್ಷರ. ಪಾಠಶಾಲೆಯ ಹುಡುಗರು ಇದನ್ನು ಉರುಹಾಕಿ ಒಪ್ಪಿಸಿ ಮರೆತುಬಿಡುತ್ತಾರೆ. ಆದರೆ ಹೊರುವುದು ಬೇರೆ, ಒಡೆತನ ಬೇರೆ ಎಂಬ ವಿವೇಕವನ್ನು ಪಾಣಿನಿಯು ಒಂದೇ ಅಕ್ಷರದಲ್ಲಿ ಅಡಗಿಸಿಟ್ಟನೆಂಬುದು, ದೊಡ್ಡ ವಾಹನವೊಂದು ಮನೆಯ ಮುಂದೆ ಬಂದು ನಿಂತಾಗಲೇ ಕೆಲವರ ಅನುಭವಕ್ಕೆ ಬರುವುದುಂಟು.

ಹಗರಿಬೊಮ್ಮನಹಳ್ಳಿಯಲ್ಲಿ ಅಂಥ ಗೃಹಸ್ಥರೊಬ್ಬರಿದ್ದಾರೆ. ಐವತ್ತೈದು ವರ್ಷ ದಾಟಿದವರು. ಬಹುಕಾಲ ಬೆಂಗಳೂರಿನಲ್ಲಿ ಇಂಜಿನಿಯರರಾಗಿದ್ದು, ಈಗ ವೃದ್ಧಳಾದ ತಾಯಿಯ ಸೇವೆಗೆಂದು ಊರಿಗೆ ಮರಳಿದವರು. ಮಕ್ಕಳ ವಿದ್ಯಾಭ್ಯಾಸವೂ ವಿವಾಹವೂ ಮುಗಿದಮೇಲೆ ಉಳಿದ ಹಣದಲ್ಲಿ ಅವರು ಆರು ಸಿಲಿಂಡರುಗಳ ದೊಡ್ಡದೊಂದು ಮೋಟಾರು ಸೈಕಲ್ಲನ್ನು ಕೊಂಡರು. ಮೂವತ್ತು ಲಕ್ಷಕ್ಕೂ ಮೀರಿದ ಆ ಬೆಲೆಗೆ ಹೊಲವನ್ನು ಕೊಳ್ಳಬಹುದಾಗಿತ್ತೆಂದು ಬಂಧುಗಳು ಹೇಳಿದರು. ಅವರು ಉತ್ತರ ಕೊಡಲಿಲ್ಲ. ಕೊಡಬಹುದಾದ ಉತ್ತರವು ಬಾಲ್ಯದಷ್ಟು ಹಿಂದಿನದಾಗಿತ್ತು.

ಅವರ ತಂದೆಯ ಬಳಿಯಲ್ಲಿ ಒಂದು ಜಾವಾ ಇದ್ದಿತು. ಚೆಕ್ ದೇಶದ ಆ ಗಾಡಿಯನ್ನು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ ತಯಾರಿಸತೊಡಗಿತು. ಮುಂದೆ ಅದೇ ಕಾರ್ಖಾನೆಯ ಗಾಡಿಗಳು ಯೆಜ್ಡಿ ಎಂಬ ಹೆಸರಿನಿಂದ ಬಂದುವು. 1996ರಲ್ಲಿ ಕಾರ್ಖಾನೆಯು ಮುಚ್ಚಿತು. ಒಂದೇ ಸಿಲಿಂಡರು, ಇನ್ನೂರ ಐವತ್ತು ಸಿ.ಸಿ.; ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸಿ ಹಾಕಬೇಕು; ಒದ್ದು ಚಾಲೂ ಮಾಡುವ ಸನ್ನೆಯೂ ಗೇರು ಬದಲಿಸುವ ಸನ್ನೆಯೂ ಒಂದೇ. ಶೇಂಗಾ ವ್ಯಾಪಾರಕ್ಕಾಗಿ ತಂದೆಯು ಅದರ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಡಗಲಿಗಳನ್ನು ಸುತ್ತುತ್ತಿದ್ದರು. ಹಿಂದೆ ಮಾದರಿಯ ಕಾಯಿಯ ಚೀಲ, ಮುಂದೆ ಪೆಟ್ರೋಲಿನ ತೊಟ್ಟಿಯ ಮೇಲೆ ಮಗ. ನೆರೆಮನೆಯ ಗರ್ಭಿಣಿಯನ್ನು ಹೊಸಪೇಟೆಯ ಆಸ್ಪತ್ರೆಗೆ ಮುಟ್ಟಿಸಿದ್ದು ಅದೇ ಗಾಡಿ. ಮೈಲಾರದ ಜಾತ್ರೆಗೆ ನಾಲ್ವರು ಕೂಡಿ ಹೋದದ್ದೂ ಅದರ ಮೇಲೆಯೇ. ಆ ಗಾಡಿಯು ಯಾರದೆಂದು ಊರಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಇಂದು ಯಾರನ್ನು ಹೊತ್ತಿದೆ ಎಂದು ನೋಡುತ್ತಿದ್ದರು.

ಹೊಸ ಯಂತ್ರವು ಇದಕ್ಕೆ ಎಲ್ಲ ವಿಧದಲ್ಲಿಯೂ ಭಿನ್ನವಾದುದು. ಹೋಂಡಾ ಸಂಸ್ಥೆಯು 1974ರಲ್ಲಿ ಜರ್ಮನಿಯ ಕಲೋನ್ ನಗರದ ಪ್ರದರ್ಶನದಲ್ಲಿ ತೋರಿಸಿದ ‘ಗೋಲ್ಡ್ ವಿಂಗ್’ ಎಂಬ ಗಾಡಿಯ ವಂಶದಲ್ಲಿ ಹುಟ್ಟಿದುದು ಇದು. ಹೊನ್ನಿನ ರೆಕ್ಕೆಯೆಂಬ ಆ ಹೆಸರು ಗರುಡನನ್ನು ನೆನಪಿಗೆ ತರುತ್ತದೆ. ಮೊದಲಿನದಕ್ಕೆ ನಾಲ್ಕು ಸಿಲಿಂಡರುಗಳಿದ್ದುವು. 1988ನೆಯ ಮಾದರಿಯಲ್ಲಿ ಅವು ಆರಾದುವು. ಈ ಆರೂ ನೆಟ್ಟಗೆ ನಿಂತವಲ್ಲ. ಎಡಕ್ಕೆ ಮೂರು, ಬಲಕ್ಕೆ ಮೂರು, ನೆಲಕ್ಕೆ ಸಮಾನಾಂತರವಾಗಿ ಮಲಗಿವೆ. ಎದುರುಬದುರಿನ ಕೊಂತಗಳು ಒಂದರ ವೇಗವನ್ನು ಇನ್ನೊಂದು ಸರಿದೂಗಿಸುತ್ತ ಚಲಿಸುವುದರಿಂದ ನಡುಕವು ಬಹುಮಟ್ಟಿಗೆ ಅಲ್ಲಿಯೇ ಲಯವಾಗುತ್ತದೆ. ಭಾರವೆಲ್ಲ ಕೆಳಗಡೆ ನಿಲ್ಲುವುದರಿಂದ ಸಮತೋಲವೂ ಸುಲಭ. 2018ರ ಮಾದರಿಯ ಯಂತ್ರಕ್ಕೆ 1833 ಸಿ.ಸಿ.; ತೂಕವು ಸುಮಾರು 380 ಕಿಲೋಗ್ರಾಮು. ಇಷ್ಟು ಭಾರವನ್ನು ಹಿಂದಕ್ಕೆ ತಳ್ಳುವುದು ಸವಾರನಿಂದಾಗದೆಂದು, 1988ರಿಂದಲೇ ಹಿಂದಕ್ಕೆ ಸರಿಯುವ ಏರ್ಪಾಡನ್ನೂ ಇಟ್ಟಿದ್ದಾರೆ. ಎರಡು ಗಾಲಿಯ ಗಾಡಿಗೆ ಹಿಂದಡಿಯ ಗೇರು ಇರುವುದೆಂದರೆ ಹಗರಿಬೊಮ್ಮನಹಳ್ಳಿಯ ಮೆಕ್ಯಾನಿಕ್ಕುಗಳು ಮೊದಲು ನಂಬಲಿಲ್ಲ. ಕಂಡಮೇಲೆ ಒಂದು ವಾರ ಅದೇ ಮಾತಾಯಿತು.

ಓಡುವಾಗ ಆ ಯಂತ್ರಕ್ಕೆ ತೂಕವೇ ಇಲ್ಲವೆಂಬುದನ್ನು ಸವಾರರು ಬೇಗನೆ ಕಂಡುಕೊಂಡರು. ಬಲಕ್ಕೆ ಹೊರಳಬೇಕಾದರೆ ಬಲಗೈಯ ಹಿಡಿಯನ್ನು ಮುಂದಕ್ಕೆ ಒಂದಿಷ್ಟು ಒತ್ತಬೇಕು. ಮುಂದಿನ ಗಾಲಿಯು ಕ್ಷಣಕಾಲ ಎಡಕ್ಕೆ ತಿರುಗುತ್ತದೆ, ಒಡನೆಯೇ ಗಾಡಿಯು ಬಲಕ್ಕೆ ವಾಲಿ ಬಲಕ್ಕೇ ಹೋಗುತ್ತದೆ. ಸೈಕಲ್ಲನ್ನು ತುಳಿಯುವ ಪ್ರತಿಯೊಬ್ಬ ಹುಡುಗನೂ ಅರಿಯದೆ ಹೀಗೆಯೇ ಮಾಡುತ್ತಾನೆ. ದೊಡ್ಡ ಗಾಡಿಯಲ್ಲಿ ಅರಿತು ಮಾಡಬೇಕು. ಕೂಡ್ಲಿಗಿಯನ್ನು ಮುಟ್ಟಿ, ಚಿತ್ರದುರ್ಗದ ಹೆದ್ದಾರಿಯನ್ನು ಹಿಡಿದು, ಬೆಳಗಿನ ತಂಪಿನಲ್ಲಿ ಅವರು ಒಂಟಿಯಾಗಿ ಬಹುದೂರ ಹೋಗಿಬರುತ್ತಿದ್ದರು. ಹಿಂದಿನ ಪೀಠವು ಒರಗು, ಕೈಯಾಸರೆಗಳಿಂದ ಕೂಡಿ ಸಿಂಹಾಸನದಂತಿದ್ದರೂ ಸದಾ ಬರಿದು. ಪತ್ನಿಗೆ ವೇಗವೆಂದರೆ ಭಯ, ಮಕ್ಕಳಿಗೆ ಬಿಡುವಿಲ್ಲ.

ತಾಯಿಯಾದರೋ ಗಾಡಿಯು ಬಂದ ದಿವಸ ಬಾಗಿಲಿಗೆ ಬಂದು, ಬಹಳ ಹೊತ್ತು ನೋಡಿ, ಒಂದೇ ಮಾತನ್ನು ಕೇಳಿದ್ದರು: “ಇದ್ರಾಗ ಏನು ಹೇರ್ತಾರಪ್ಪಾ?” ಮಗನು ನಕ್ಕು, ಇದು ಹೇರುವ ಗಾಡಿಯಲ್ಲ, ಪ್ರಯಾಣದ ಗಾಡಿಯೆಂದನು. ಆಕೆ ಒಳಗೆ ಹೋದರು. ಅನಂತರ ಆ ಯಂತ್ರವನ್ನು ಕುರಿತು ಅವರು ಮಾತನಾಡಿದುದನ್ನು ಯಾರೂ ಕೇಳಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಒಂದು ಚಳಿಗಾಲದ ಬೆಳಗ್ಗೆ ಅವರು ಅಂಕಸಮುದ್ರದ ಕೆರೆಗೆ ಹೋಗಿದ್ದರು. ನೀರಿನ ನಡುವಣ ಕರಿಜಾಲಿಯ ಮರಗಳಲ್ಲಿ ಸಾವಿರಾರು ಹಕ್ಕಿಗಳು ತಂಗುವ ಆ ಕೆರೆಯು 2017ರಲ್ಲಿ ಪಕ್ಷಿಗಳ ಸಂರಕ್ಷಿತ ಪ್ರದೇಶವಾಯಿತು. 2024ರಲ್ಲಿ ರಾಮ್‌ಸಾರ್ ಪಟ್ಟಿಯಲ್ಲಿಯೂ ಸೇರಿತು. ಬಣ್ಣದ ಕೊಕ್ಕರೆಗಳನ್ನು ನೋಡಬೇಕೆಂದು ಅವರು ದಾರಿಯ ಅಂಚಿಗೆ ಸರಿದು ನಿಂತರು. ಇಳಿಸಿದ ಎಡಗಾಲು ಸಡಿಲವಾದ ಗರಸಿನ ಮೇಲೆ ಜಾರಿತು. ಗಾಡಿಯು ಒಂದು ಗೇಣು ವಾಲಿತು. ಅಷ್ಟರವರೆಗೆ ಅದನ್ನು ತಡೆಯಬಹುದು; ಅದನ್ನು ಮೀರಿದರೆ ಮನುಷ್ಯನ ಬಲವು ಲೆಕ್ಕಕ್ಕೆ ಬಾರದು. ಸದ್ದೇ ಇಲ್ಲದೆ ಅದು ಮೆಲ್ಲಗೆ ಪಕ್ಕಕ್ಕೆ ಮಲಗಿತು. ರಕ್ಷಣೆಯ ಕಂಬಿಗಳು ನೆಲಕ್ಕೆ ತಾಗಿ ನಿಂತುದರಿಂದ ಕಾಲು ಉಳಿಯಿತು.

ಬಿದ್ದ ಗಾಡಿಯನ್ನು ಎತ್ತುವ ಉಪಾಯವನ್ನು ಅವರು ಬಲ್ಲವರೇ. ಬೆನ್ನನ್ನು ಗಾಡಿಗೆ ಕೊಟ್ಟು, ಮೊಣಕಾಲು ಮಡಿಸಿ ಕುಳಿತು, ಒಂದು ಕೈಯಿಂದ ಹಿಡಿಯನ್ನೂ ಇನ್ನೊಂದರಿಂದ ಹಿಂದಿನ ಕಂಬಿಯನ್ನೂ ಹಿಡಿದು, ಸೊಂಟದ ಬಲವನ್ನು ಬಿಟ್ಟು ತೊಡೆಯ ಬಲದಿಂದ ಹಿಂದಕ್ಕೆ ಹೆಜ್ಜೆಯಿಡುತ್ತ ಎತ್ತಬೇಕು. ಆದರೆ ಗಾಡಿಯು ಇಳಿಜಾರಿನ ಕಡೆಗೆ ಬಿದ್ದಿತ್ತು. ಮೂರು ಸಲ ಯತ್ನಿಸಿದರು. ಮೂರನೆಯ ಸಲ ಎದೆಯಲ್ಲಿ ನೋವು ಕಾಣಿಸಿಕೊಂಡು ನೆಲದ ಮೇಲೆಯೇ ಕುಳಿತುಬಿಟ್ಟರು. ಕುರಿಗಳನ್ನು ಹೊಡೆದುಕೊಂಡು ಬರುತ್ತಿದ್ದ ಇಬ್ಬರು ಹಿರಿಯರೂ ಒಬ್ಬ ಹುಡುಗನೂ ಕಂಡು ಓಡಿಬಂದರು. ಮೊದಲು ನೀರು ಕೊಟ್ಟರು. ಆಮೇಲೆ ಮೂವರೂ ಕೈಹಚ್ಚಿ ಗಾಡಿಯನ್ನು ನಿಲ್ಲಿಸಿದರು. ಅವರಲ್ಲಿ ಹಿರಿಯನು ಮೈಯ ಧೂಳನ್ನು ಕೊಡವುತ್ತ, “ಇಷ್ಟು ವಜ್ಜೆ ಗಾಡೀನ ಒಬ್ಬರ ಯಾಕ ತಂದ್ರಿ?” ಎಂದು ಕೇಳಿದನು. ಅದರಲ್ಲಿ ಹಾಸ್ಯವಿರಲಿಲ್ಲ. ಭಾರವಾದ ವಸ್ತುವನ್ನು ಊರಿಂದ ಹೊರಗೆ ಒಯ್ಯುವಾಗ ಜೊತೆಗೊಬ್ಬನಿರಬೇಕೆಂಬುದು ಆತನಿಗೆ ಲೋಕಜ್ಞಾನ.

ವೈದ್ಯರು ಪರೀಕ್ಷಿಸಿ ಹೃದಯಕ್ಕೆ ಅಪಾಯವಿಲ್ಲ, ಪಕ್ಕೆಯ ಸ್ನಾಯು ಉಳುಕಿದೆ ಎಂದರು. ಆದರೂ ಗೃಹಸ್ಥರ ಮನಸ್ಸು ಕುಂದಿತು. ಓಡುವಾಗ ತನ್ನನ್ನು ಹೊರುವ ಯಂತ್ರವನ್ನು ನಿಂತಾಗ ತಾನೇ ಹೊರಬೇಕು. ಆ ಬಲವು ಇನ್ನು ವರ್ಷವರ್ಷಕ್ಕೆ ಕುಗ್ಗುವುದೇ ಹೊರತು ಹೆಚ್ಚುವುದಿಲ್ಲ. ಮಾರಿಬಿಡುವುದೆಂದು ನಿಶ್ಚಯಿಸಿ, ಬೆಂಗಳೂರಿನ ಒಬ್ಬ ಗಿರಾಕಿಯೊಡನೆ ಮಾತನಾಡಿದರು. ಬೆಲೆಯೂ ಕುದುರಿತು.

ಆ ರಾತ್ರಿ ಊಟಕ್ಕೆ ಬಡಿಸಿದ ಮೇಲೆ ತಾಯಿಯು, “ನನ್ನ ಒಂದ್ಸಲ ಕೊಟ್ಟೂರಿಗೆ ಕರಕೊಂಡು ಹೋಗು. ಆಮ್ಯಾಲೆ ಮಾರು” ಎಂದರು. ಕಾರಿನಲ್ಲಿ ಹೋಗಬಹುದಲ್ಲವೆಂದು ಸೊಸೆ ಹೇಳಿದರು. ಮುದುಕಿಯು ಅನ್ನವನ್ನು ಕಲಸುತ್ತಲೇ ತಲೆಯಾಡಿಸಿ ಬೇಡವೆಂದರು. ಗುರುಬಸವೇಶ್ವರನ ದರ್ಶನಕ್ಕೆ ಅವರನ್ನು ಕೊನೆಯ ಸಲ ಗಾಲಿಗಾಡಿಯ ಮೇಲೆ ಕರೆದೊಯ್ದವರು ಪತಿ, ಜಾವಾದ ಮೇಲೆ. ಆತನು ತೀರಿಕೊಂಡು ಇಪ್ಪತ್ತು ವರ್ಷವಾಗಿತ್ತು.

ಆ ಪೀಠಕ್ಕೆ ಎಂಬತ್ತರ ಮುದುಕಿಯನ್ನು ಹತ್ತಿಸುವುದೇ ಮೊದಲ ತೊಡಕಾಯಿತು. ಮೊಣಕಾಲು ಬಾಗದು, ಎತ್ತಿ ಕೂರಿಸಲು ಆಕೆ ಒಪ್ಪರು. ಮನೆಯ ಮುಂದೆ ಹಳೆಯ ಕಲ್ಲಿನ ಕಟ್ಟೆಯಿದೆ. ಶೇಂಗಾದ ಚೀಲಗಳನ್ನು ಬಂಡಿಗೆ ಹೇರುವುದಕ್ಕೆಂದು ತಂದೆಯು ಕಟ್ಟಿಸಿದ್ದು. ಮಗನು ಗಾಡಿಯನ್ನು ಆ ಕಟ್ಟೆಗೆ ನಾಲ್ಕು ಬೆರಳಿನ ಅಂತರದಲ್ಲಿ, ಸ್ವಲ್ಪವೂ ವಾಲದಂತೆ, ತಂದು ನಿಲ್ಲಿಸಬೇಕಾಯಿತು. ಹಿಂದಡಿಯ ಗೇರಿನಿಂದ ಸರಿದು, ಮುಂದೆ ಬಂದು, ಮತ್ತೆ ಸರಿದು, ಐದನೆಯ ಸಲಕ್ಕೆ ಸರಿಯಾಯಿತು. ನೂರಾರು ಹರಿದಾರಿ ಓಡಿಸಿದುದರಲ್ಲಿ ಕಲಿಯದ ವಿದ್ಯೆಯನ್ನು ಅವರು ಆ ಹತ್ತು ಅಡಿಗಳಲ್ಲಿ ಕಲಿತರು. ತಾಯಿಯು ಕಟ್ಟೆಯ ಮೇಲಿನಿಂದ ಪಕ್ಕಕ್ಕೆ ಕಾಲಿಟ್ಟು ಸುಮ್ಮನೆ ಕುಳಿತರು. ಸೆರಗಿನ ಮೇಲೆ ಶಿರಸ್ತ್ರಾಣವನ್ನು ತೊಡಿಸಿದಾಗ ಮಾತ್ರ ಬೀದಿಯ ಮಕ್ಕಳು ನಕ್ಕರು. ಹಿಂಬದಿಯವರಿಗೂ ಅದು ಕಾನೂನೆಂದು ಮಗನು ವಿವರಿಸಿದನು. “ನಿಮ್ಮಪ್ಪ ಟವಲು ಸುತ್ತತಿದ್ದ” ಎಂದರು ಆಕೆ.

ಕೊಟ್ಟೂರಿನ ದಾರಿಯುದ್ದಕ್ಕೂ ಅವರು ನಲವತ್ತು ಕಿಲೋಮೀಟರಿನ ವೇಗವನ್ನು ಮೀರಲಿಲ್ಲ. ಎತ್ತಿನ ಬಂಡಿಯೊಂದನ್ನು ಬಿಟ್ಟರೆ ಎಲ್ಲರೂ ಅವರನ್ನು ದಾಟಿ ಹೋದರು. ಆರು ಸಿಲಿಂಡರುಗಳೂ ಪಿಸುಮಾತಿನ ಸದ್ದಿನಲ್ಲಿ ನಡೆದುವು. ತಾಯಿಯ ತೂಕವು ನಲವತ್ತು ಕಿಲೋಗ್ರಾಮಿಗಿಂತ ಹೆಚ್ಚಿರಲಾರದು. ಯಂತ್ರದ ಹತ್ತರಲ್ಲಿ ಒಂದು ಪಾಲು. ಆದರೂ ಪ್ರತಿಯೊಂದು ಗುಂಡಿಯನ್ನೂ, ಪ್ರತಿಯೊಂದು ಉಬ್ಬನ್ನೂ ಸವಾರರು ಮೊದಲನೆಯ ಸಲ ನೋಡಿದಂತೆ ನೋಡಿದರು. ಹೊಲಗಳಲ್ಲಿ ಜೋಳವು ತೆನೆಯೊಡೆದಿತ್ತು. ಹೆಗಲ ಮೇಲಿಟ್ಟ ತಾಯಿಯ ಕೈಯು ಕೊಟ್ಟೂರು ಬರುವವರೆಗೂ ಕದಲಲಿಲ್ಲ.

ಗುಡಿಯಲ್ಲಿ ದರ್ಶನ ಮುಗಿಸಿ ಅವರು ತೇರಿನ ಬಳಿಗೆ ಬಂದರು. ಆ ಸೀಮೆಯಲ್ಲಿ ಅದಕ್ಕಿಂತ ಭಾರವಾದ ಗಾಡಿಯಿಲ್ಲ. ವರ್ಷಕ್ಕೊಮ್ಮೆ, ಮಾಘಮಾಸದಲ್ಲಿ, ಸಾವಿರಾರು ಕೈಗಳು ಮಿಣಿಯನ್ನು ಹಿಡಿದಾಗ ಅದು ಚಲಿಸುತ್ತದೆ. 2017ರಲ್ಲಿ ಉತ್ಸವದ ನಡುವೆಯೇ ತೇರು ಉರುಳಿಬಿದ್ದು ಅನೇಕರಿಗೆ ಪೆಟ್ಟಾಯಿತು. ಅದರಿಂದ ಯಾರೂ ತೇರನ್ನು ತೊರೆಯಲಿಲ್ಲ; ಹೊಸ ತೇರನ್ನು ಕಟ್ಟಿ ಮತ್ತೆ ಎಳೆದರು. ತಾಯಿಯು ಅದರ ಗಾಲಿಗೆ ಕೈಮುಗಿದು, ಹಿಂದೆ ನಿಂತಿದ್ದ ಮಗನಿಗೆ, “ಬಿದ್ದದ್ದು ಯಾಕ ಹೇಳಲಿಲ್ಲ?” ಎಂದು ಕೇಳಿದರು. ಕುರಿಯವರು ಮರುದಿವಸವೇ ಮನೆಗೆ ಬಂದು ವಿಚಾರಿಸಿಕೊಂಡು ಹೋಗಿದ್ದರು. ಅವರಿಗೆ ಮಜ್ಜಿಗೆ ಕೊಟ್ಟು ಕಳುಹಿಸಿದ್ದವರು ಈಕೆಯೇ. ಮಗನು ತಲೆತಗ್ಗಿಸಿದನು. ಅದಕ್ಕೆ ಮೇಲೆ ಅವರಿಬ್ಬರೂ ಆ ಮಾತನ್ನು ಬೆಳೆಸಲಿಲ್ಲ. ಬತ್ತಾಸು ಕೊಂಡರು, ಕುರಿಯವರ ಮನೆಗೆಂದು ಒಂದು ಪೊಟ್ಟಣವನ್ನು ಬೇರೆಯಾಗಿ ಕಟ್ಟಿಸಿದರು.

ಸಂಜೆಗೆ ಮನೆಯನ್ನು ಮುಟ್ಟಿದಾಗ ಗಾಡಿಯು ಎರಡನೆಯ ಯತ್ನದಲ್ಲಿಯೇ ಕಟ್ಟೆಗೆ ಸರಿಯಾಗಿ ನಿಂತಿತು. ತಾಯಿಯು ಇಳಿದು, ಶಿರಸ್ತ್ರಾಣವನ್ನು ಮಗನ ಕೈಗೆ ಕೊಟ್ಟು, “ಇನ್ನ ಮಾರಬೇಕಂದ್ರ ಮಾರು” ಎಂದು ಹೇಳಿ ದೀಪ ಹಚ್ಚಲು ಒಳಗೆ ಹೋದರು.

ಬೆಂಗಳೂರಿನ ಗಿರಾಕಿಗೆ ಇನ್ನೂ ಉತ್ತರ ಹೋಗಿಲ್ಲ. ಮುಂದೊಂದು ದಿನ ಮಾರಬೇಕಾಗಿಯೇ ಬರುವುದು. ವಯಸ್ಸಿನೊಡನೆ ವಾದಿಸುವಂತಿಲ್ಲವೆಂಬುದು ಆ ಗೃಹಸ್ಥರಿಗೆ ತಿಳಿದಿದೆ. ಅಷ್ಟರವರೆಗೆ ಒಂಟಿ ಪ್ರಯಾಣವನ್ನು ಅವರು ಬಿಟ್ಟಿದ್ದಾರೆ. ಅಂಕಸಮುದ್ರದ ಆ ಕುರಿಗಾಹಿ ಹುಡುಗನು ಒಮ್ಮೆ ಹಿಂದಿನ ಪೀಠದಲ್ಲಿ ಕುಳಿತು ಕೆರೆಯ ದಾರಿಯಲ್ಲಿ ಸುತ್ತಿ ಬಂದನು. ನೆರೆಯ ನಿವೃತ್ತ ಅಂಚೆಪೇದೆಯು ಹೊಸಪೇಟೆಗೆ ಕಣ್ಣು ತೋರಿಸಲು ಹೋಗಿಬಂದನು. ಗಾಡಿಯು ಈಗ ಬೀಗ ಹಾಕಿದ ಕೊಟ್ಟಿಗೆಯಲ್ಲಿ ನಿಲ್ಲುವುದಿಲ್ಲ. ಕಟ್ಟೆಯ ಪಕ್ಕದಲ್ಲಿ, ಹತ್ತುವವರಿಗೆ ಅನುಕೂಲವಾಗಿ, ನಾಲ್ಕು ಬೆರಳಿನ ಅಂತರದಲ್ಲಿ ನಿಂತಿರುತ್ತದೆ.