ತಳದಲ್ಲಿದ್ದ ಸಾಕ್ಷಿ

ಕುಮಟೆಯ ಮದುವೆಗೆಂದು ಭಟ್ಕಳದಿಂದ ಹೊರಟ ನಮ್ಮ ಹಳೆಯ ಅಂಬಾಸಿಡರ್, ಶರಾವತಿ ಸೇತುವೆ ದಾಟಿ ಹೊನ್ನಾವರ ಸೇರುವಷ್ಟರಲ್ಲಿ ದಾರಿಯುದ್ದಕ್ಕೂ ಎಣ್ಣೆಯ ಚುಕ್ಕೆಗಳನ್ನಿಟ್ಟಿತ್ತು. ತಂದೆಯವರು ಬಿಟ್ಟುಹೋದ ಕಾರು, ಮಾರಲು ಮನಸ್ಸಿಲ್ಲ. ಆ ಕಾರಿನ ತಯಾರಿಕೆಯೋ 2014ರಲ್ಲೇ ನಿಂತಿತು. ಇಂಜಿನಿನ ಅಡಿಯಲ್ಲಿ ಎಣ್ಣೆ ನಿಲ್ಲುವ ತೊಟ್ಟಿ, ಮೇಸ್ತ್ರಿಗಳ ಮಾತಿನಲ್ಲಿ ‘ಚೇಂಬರು’, ಕಂಪನಿಯದಲ್ಲ. ಪೇಟೆಯಲ್ಲಿ ಕೊಂಡ ಬದಲಿ ಮಾಲು.

“ಇದನ್ನು ಎಸೆದು ಬೇರೆಯದನ್ನು ಹಾಕಿಬಿಡಿ,” ಎಂದೆ.

“ಎಸೆಯುವುದು ಇದ್ದೇ ಇದೆ ಮಾರಾಯ್ರೆ, ಮೊದಲು ತೊಳೆದು ನೋಡುವ,” ಎಂದರು ಮೇಸ್ತ್ರಿ.

ಬಿಸಿ ಎಣ್ಣೆಯನ್ನು ಡಬ್ಬಿಗೆ ಇಳಿಸಿ, ಬೋಲ್ಟು ಬಿಚ್ಚಿ, ಚೇಂಬರನ್ನು ಕೆಳಗಿಳಿಸಿದರು. ತಳದಲ್ಲಿ ಕಾಡಿಗೆಯಂಥ ಕೆಸರು. ಬೆರಳಿನಿಂದ ಬಳಿದು ಬಿಸಿಲಿಗೆ ಹಿಡಿದಾಗ ತಾಮ್ರದ ಬಣ್ಣದ ಹುಡಿ ಮಿನುಗಿತು. ಬೇರಿಂಗ್ ಸವೆದಿದೆ ಎಂಬುದಕ್ಕೆ ಅದೇ ಸಾಕ್ಷಿ! ನನ್ನ ಮಾತು ಕೇಳಿದ್ದರೆ ಸಾಕ್ಷಿ ಗುಜರಿ ಸೇರುತ್ತಿತ್ತು. ಇಂಜಿನ್ ಇನ್ನೊಂದು ದಿನ ನಡುದಾರಿಯಲ್ಲಿ ಪ್ರಾಣ ಬಿಡುತ್ತಿತ್ತು.

ಮೇಸ್ತ್ರಿ ಚೇಂಬರನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹಳೆಯ ಗ್ಯಾಸ್ಕೆಟ್ಟಿನ ಚೂರುಗಳನ್ನು ಕೆರೆದು, ಅಂಚನ್ನು ದಿಟ್ಟಿಸಿದರು. ಬೋಲ್ಟಿನ ತೂತುಗಳ ಸುತ್ತ ತಗಡು ಡೊಂಕಾಗಿತ್ತು.

“ಯಾರೋ ಅತಿಯಾಗಿ ಬಿಗಿದಿದ್ದಾರೆ. ಸೋರಿದ್ದು ಅದಕ್ಕೇ.”

ಆ ‘ಯಾರೋ’ ನಾನೇ ಎಂದು ಹೇಳಲು ನಾಲಿಗೆ ಏಳಲಿಲ್ಲ.

ಮದುವೆಗೆ ಬಸ್ಸಿನಲ್ಲಿ ಹೋದೆವು. ಬೇರಿಂಗ್ ಬದಲಾಯಿತು. ಅಂಚನ್ನು ಮರದ ಮೇಲಿಟ್ಟು ತಟ್ಟಿ ಸಮಮಾಡಿ, ಹೊಸ ಗ್ಯಾಸ್ಕೆಟ್ ಕೂರಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದರಂತೆ.

ಈಗಲೂ ಪ್ರತಿದಿನ ಬೆಳಿಗ್ಗೆ ಕಾರಿನಡಿ ಬಗ್ಗಿ ನೋಡುತ್ತೇನೆ. ನೆಲ ಒಣಗಿಯೇ ಇದೆ. ಸ್ಪ್ಯಾನರನ್ನು ಮಾತ್ರ ಮನೆಯಾಕೆ ಎಲ್ಲೋ ಬಚ್ಚಿಟ್ಟಿದ್ದಾಳೆ.